ಕಂಬಿ, ಪೈಪು, ಮೊಬೈಲು: ಬೇರೆ ಬೇರೆ ವಸ್ತುಗಳಲ್ಲಿ ಸದ್ದಿನ ವೇಗ ಅಳೆಯುವುದು ಹೇಗೆ

ಒಂದು ಮೀಟರ್ ಉದ್ದದ ಕಬ್ಬಿಣದ ಕಂಬಿ ತೆಗೆದುಕೊಳ್ಳಿ. ಅಷ್ಟೇ ಉದ್ದ, ಅಷ್ಟೇ ದಪ್ಪದ ಅಲ್ಯೂಮಿನಿಯಂ ಕಂಬಿ ಇನ್ನೊಂದು. ಕೈಯಲ್ಲಿ ಹಿಡಿದರೇ ಗೊತ್ತಾಗುತ್ತದೆ, ಕಬ್ಬಿಣದ್ದು ಸುಮಾರು ಮೂರು ಪಟ್ಟು ಭಾರ. ಈಗ ಒಂದೊಂದನ್ನೇ ನಟ್ಟನಡುವೆ ಎರಡು ಬೆರಳಲ್ಲಿ ಹಿಡಿದು, ತುದಿಗೆ ಸಣ್ಣ ಸುತ್ತಿಗೆಯಿಂದ ಟಿಣ್ ಅಂತ ಬಾರಿಸಿ. ಎರಡೂ ಹೆಚ್ಚುಕಮ್ಮಿ ಒಂದೇ ಶ್ರುತಿಯಲ್ಲಿ ಹಾಡುತ್ತವೆ.

ನಾನು ಮೊದಲ ಸಲ ಇದನ್ನು ಕೇಳಿದಾಗ ಎಲ್ಲೋ ಎಡವಟ್ಟಾಗಿದೆ ಅಂದುಕೊಂಡು ಕಂಬಿಗಳನ್ನು ಅದಲುಬದಲು ಮಾಡಿ ಮತ್ತೆ ಬಾರಿಸಿದೆ. ಯಾಕಂದರೆ ಶಾಲೆಯಿಂದ ತಲೆಯಲ್ಲಿ ಕೂತಿದ್ದು ಒಂದೇ ಸಾಲು: ಗಾಳಿಗಿಂತ ನೀರಲ್ಲಿ, ನೀರಿಗಿಂತ ಕಬ್ಬಿಣದಲ್ಲಿ ಸದ್ದು ಬೇಗ ಓಡುತ್ತದೆ, ಯಾಕಂದರೆ ಕಬ್ಬಿಣದ ಸಾಂದ್ರತೆ ಜಾಸ್ತಿ. ಈ ಸಾಲಿನ ಮೊದಲರ್ಧ ಸರಿ. 'ಯಾಕಂದರೆ'ಯಿಂದ ಮುಂದೆ ಪೂರ್ತಿ ತಪ್ಪು. ಪರೀಕ್ಷೆಯಲ್ಲಿ ಅದನ್ನೇ ಬರೆದು ನನಗೆ ಅಂಕವೂ ಬಂದಿತ್ತು, ಅದು ಬೇರೆ ಮಾತು.

ಕೆಳಗಿರುವುದು ಸದ್ದಿನ ವೇಗವನ್ನು ನೀವೇ ಅಳೆದು ನೋಡುವ ದಾರಿ. ಲ್ಯಾಬ್ ಬೇಡ. ಎರಡು ಸ್ಮಾರ್ಟ್‌ಫೋನ್, ಒಂದು ಟೇಪು, ಒಂದು ಬಕೆಟ್ಟು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನಾಲ್ಕು ಸಾಮಾನು ಸಾಕು. ಫೋನಿಗೆ ಫೈಫಾಕ್ಸ್ ಅನ್ನುವ ಆಪ್ ಹಾಕಿಕೊಳ್ಳಿ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು, ದುಡ್ಡು ಕೊಡಬೇಕಿಲ್ಲ.

ಶುರು ಮಾಡುವ ಮೊದಲು: ಬಿಗಿ ಎಷ್ಟು, ಭಾರ ಎಷ್ಟು

ರಶ್ ಇರುವ ಬಸ್ಸನ್ನು ನೆನಪಿಸಿಕೊಳ್ಳಿ. ಹಿಂದಿನ ಬಾಗಿಲಲ್ಲಿ ಒಬ್ಬರು ತಳ್ಳಿದರು. ಜನ ಒತ್ತೊತ್ತಾಗಿ, ಮೈಗೆ ಮೈ ತಾಗಿಸಿ, ಬಿಗಿಯಾಗಿ ನಿಂತಿದ್ದರೆ ಆ ತಳ್ಳು ಡ್ರೈವರ್ ಹತ್ತಿರಕ್ಕೆ ಕ್ಷಣದಲ್ಲಿ ತಲುಪುತ್ತದೆ. ಸಡಿಲವಾಗಿ ನಿಂತಿದ್ದರೆ ಒಬ್ಬರು ವಾಲಿ, ಇನ್ನೊಬ್ಬರಿಗೆ ತಾಗಿ, ಅವರು ವಾಲಿ, ತಡವಾಗುತ್ತದೆ. ಇನ್ನು ನಿಂತವರೆಲ್ಲ ದಢೂತಿ ಆಸಾಮಿಗಳಾದರೆ? ಒಬ್ಬೊಬ್ಬರೂ ಅಲ್ಲಾಡುವುದಕ್ಕೇ ಹೊತ್ತು ಹಿಡಿಯುತ್ತದೆ. ಅಂದರೆ ಬಿಗಿ ಜಾಸ್ತಿಯಾದರೆ ವೇಗ, ಭಾರ ಜಾಸ್ತಿಯಾದರೆ ನಿಧಾನ. ಸದ್ದು ಅಂದರೆ ಇಂಥದ್ದೇ ತಳ್ಳಾಟ.

ಲೆಕ್ಕಕ್ಕೆ ಇಳಿಸಿದರೆ: ಬಿಗಿಯನ್ನು ಸಾಂದ್ರತೆಯಿಂದ ಭಾಗಿಸಿ, ಬಂದದ್ದರ ವರ್ಗಮೂಲ ತೆಗೆಯಿರಿ, ಅದೇ ವೇಗ. ಕಬ್ಬಿಣ ಗಾಳಿಗಿಂತ ಸುಮಾರು 6,500 ಪಟ್ಟು ಸಾಂದ್ರ. ಬರೀ ಅಷ್ಟೇ ಆಗಿದ್ದರೆ ಅದರಲ್ಲಿ ಸದ್ದು ತೆವಳಬೇಕಿತ್ತು. ಆದರೆ ಬಿಗಿಯಲ್ಲಿ ಅದು ಗಾಳಿಗಿಂತ 14 ಲಕ್ಷ ಪಟ್ಟು ಮುಂದೆ. ಬಿಗಿಯೇ ಗೆಲ್ಲುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ 345 ಮೀಟರ್ ಓಡುವ ಸದ್ದು ಕಬ್ಬಿಣದ ಕಂಬಿಯಲ್ಲಿ 5,000 ಮೀಟರ್ ಓಡುತ್ತದೆ.

ಹಂತ 1: ಗಾಳಿ, ಎರಡು ಫೋನು, ಎರಡು ಚಪ್ಪಾಳೆ

ಟೆರೇಸೋ ಉದ್ದನೆಯ ಹಜಾರವೋ ಇರಲಿ. ಎರಡು ಫೋನುಗಳನ್ನು ಸರಿಯಾಗಿ 5 ಮೀಟರ್ ದೂರದಲ್ಲಿ ಇಡಿ. ಟೇಪಿನಲ್ಲಿ ಮೈಕಿನಿಂದ ಮೈಕಿಗೆ ಅಳೆಯಿರಿ, ಫೋನಿನ ನಡುಭಾಗದಿಂದ ಅಲ್ಲ. ಎರಡರಲ್ಲೂ ಆಪ್‌ನ 'ಅಕೌಸ್ಟಿಕ್ ಸ್ಟಾಪ್‌ವಾಚ್' ತೆರೆಯಿರಿ. ಇದು ಒಂದು ಸದ್ದು ಕೇಳಿದ ತಕ್ಷಣ ಶುರುವಾಗಿ, ಇನ್ನೊಂದು ಸದ್ದಿಗೆ ನಿಲ್ಲುವ ಗಡಿಯಾರ.

ಒಂದು ಫೋನಿನ ಪಕ್ಕ ನೀವು, ಇನ್ನೊಂದರ ಪಕ್ಕ ಮನೆಯಲ್ಲಿ ಯಾರು ಪುರುಸೊತ್ತಾಗಿದ್ದಾರೋ ಅವರು. ಮೊದಲು ನೀವು ಜೋರಾಗಿ ಚಪ್ಪಾಳೆ ತಟ್ಟಿ. ನಿಮ್ಮ ಫೋನು ಆಗಲೇ ಶುರುವಾಯಿತು, ಅವರದ್ದು ಸ್ವಲ್ಪ ತಡವಾಗಿ, ಸದ್ದು ಅಲ್ಲಿಗೆ ಮುಟ್ಟಿದ ಮೇಲೆ. ಒಂದೆರಡು ಸೆಕೆಂಡು ಬಿಟ್ಟು ಅವರು ತಟ್ಟಲಿ. ಈಗ ಅವರದ್ದು ಮೊದಲು ನಿಲ್ಲುತ್ತದೆ, ನಿಮ್ಮದು ತಡವಾಗಿ. ನಿಮ್ಮ ಫೋನಿನ ಸಮಯದಿಂದ ಅವರದ್ದನ್ನು ಕಳೆದರೆ ಉಳಿಯುವುದು ಸದ್ದು 5 ಮೀಟರನ್ನು ಎರಡು ಸಲ ದಾಟಲು ಹಿಡಿದ ಹೊತ್ತು. ನಿಮ್ಮದು 2.431, ಅವರದ್ದು 2.402 ತೋರಿಸಿದರೆ ವ್ಯತ್ಯಾಸ 0.029 ಸೆಕೆಂಡು. 10 ಮೀಟರನ್ನು 0.029ರಿಂದ ಭಾಗಿಸಿ: 345. ಎರಡು ಗಡಿಯಾರಗಳನ್ನು ಹೊಂದಿಸುವ ತಲೆನೋವೇ ಇಲ್ಲ, ಅದೇ ಈ ಉಪಾಯದ ಮಜಾ.

ತೊಂದರೆ ಎಲ್ಲಿ ಬರುತ್ತದೆ ಅಂದರೆ ಆಪ್‌ನಲ್ಲಿ 'ಥ್ರೆಶೋಲ್ಡ್' ಅಂತ ಒಂದು ಅಂಕಿ ಇದೆ, ಎಷ್ಟು ಜೋರಿನ ಸದ್ದಿಗೆ ಗಡಿಯಾರ ಎಚ್ಚರವಾಗಬೇಕು ಅನ್ನುವುದು. ನಾನು ಅದನ್ನು ತೀರಾ ಕಮ್ಮಿ ಇಟ್ಟು, ಒಂದಿಡೀ ಬೆಳಗ್ಗೆ ಕುಕ್ಕರ್ ವಿಷಲ್ಲಿನ ವೇಗ ಅಳೆದೆ. ಜಾಸ್ತಿ ಇಟ್ಟರೆ ದೂರದ ಚಪ್ಪಾಳೆ ಸಿಗುವುದಿಲ್ಲ. ಕೈ ಚಪ್ಪಾಳೆಗಿಂತ ಸ್ಟೀಲ್ ತಟ್ಟೆಗೆ ಚಮಚದಲ್ಲಿ ಒಂದು ಏಟು ಹಾಕುವುದು ಮೇಲು, ಸದ್ದು ಚೂಪಾಗಿ ಶುರುವಾಗುತ್ತದೆ. ಒಂದೇ ಸಲ ಅಳೆದು ಬಿಡಬೇಡಿ. ಇಲ್ಲಿ ಒಂದು ಮಿಲಿಸೆಕೆಂಡ್ ಆಚೀಚೆ ಆದರೆ ಉತ್ತರ 12 ಮೀಟರ್ ಆಚೀಚೆ ಆಗುತ್ತದೆ. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಜಾಗ ಇದ್ದರೆ ದೂರವನ್ನು 10 ಮೀಟರಿಗೆ ಏರಿಸಿ.

ನಿಮ್ಮ ಉತ್ತರ ಸರಿಯಾ ಅಂತ ನೋಡಲು ಸುಲಭ ಲೆಕ್ಕ: 331.3ಕ್ಕೆ, ಆ ಹೊತ್ತಿನ ಉಷ್ಣತೆಯನ್ನು 0.606ರಿಂದ ಗುಣಿಸಿ ಕೂಡಿಸಿ. 28 ಡಿಗ್ರಿ ಇದ್ದರೆ 348. ಚಳಿಗಾಲದ ಬೆಳಗ್ಗೆ 15 ಡಿಗ್ರಿ ಇದ್ದರೆ 340. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಹಾಗಾಗಿ ಮಂಗಳೂರಿಗಿಂತ ವೇಗ ಬೇರೆ ಇರಬೇಕಲ್ವಾ ಅಂತ ಕೇಳಬಹುದು. ಇಲ್ಲ. ಗಾಳಿ ತೆಳುವಾದಾಗ ಭಾರ ಎಷ್ಟು ಇಳಿಯುತ್ತದೋ ಬಿಗಿಯೂ ಅಷ್ಟೇ ಇಳಿಯುತ್ತದೆ, ಎರಡೂ ಹೊಡೆದುಹೋಗುತ್ತವೆ. ವ್ಯತ್ಯಾಸ ಬರುವುದು ಸೆಕೆಯಿಂದ.

ಇದನ್ನು ನಮ್ಮ ಪಕ್ಕದಲ್ಲೇ ಅಳೆದವರಿದ್ದಾರೆ. ಮದ್ರಾಸ್ ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ ಸೇಂಟ್ ಜಾರ್ಜ್ ಕೋಟೆಯಲ್ಲೂ ಸೇಂಟ್ ಥಾಮಸ್ ಮೌಂಟಿನಲ್ಲೂ ಹಾರಿಸುತ್ತಿದ್ದ ತೋಪುಗಳ ಬೆಳಕು ಕಂಡಾಗಿನಿಂದ ಸದ್ದು ಕೇಳುವವರೆಗಿನ ಹೊತ್ತನ್ನು ಎಣಿಸಿ, ಉಷ್ಣತೆಯ ಜೊತೆ ಬರೆದಿಟ್ಟು, 1823ರಲ್ಲಿ ಪ್ರಕಟಿಸಿದರು. ಅದಕ್ಕೂ ಮುಂಚೆ 1687ರಲ್ಲಿ ನ್ಯೂಟನ್ ಬರೀ ಲೆಕ್ಕದಿಂದಲೇ ವೇಗ ಕಂಡುಹಿಡಿಯಲು ಹೋಗಿ ಸುಮಾರು ಶೇ 15ರಷ್ಟು ಕಮ್ಮಿ ಉತ್ತರ ಪಡೆದಿದ್ದರು. ಸದ್ದಿನಲ್ಲಿ ಗಾಳಿ ಒತ್ತಿಕೊಂಡಾಗ ಬಿಸಿಯಾಗುತ್ತದೆ, ಆ ಬಿಸಿ ಹರಡಿಹೋಗಲು ಪುರುಸೊತ್ತೇ ಇರುವುದಿಲ್ಲ, ಹಾಗಾಗಿ ಗಾಳಿ ಇನ್ನೂ ಬಿಗಿಯಾಗಿ ವರ್ತಿಸುತ್ತದೆ. ಇದನ್ನು ಹಿಡಿದವರು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್. ಅಲ್ಲೂ ತಪ್ಪಿದ್ದು ಭಾರದಲ್ಲಲ್ಲ, ಬಿಗಿಯಲ್ಲಿ.

ಬಲೂನಿಗೆ ತುಂಬುವ ಹೀಲಿಯಂ ಇದರ ಉಲ್ಟಾ ಸಾಕ್ಷಿ. ಬಿಗಿ ಗಾಳಿಯದ್ದಕ್ಕೆ ಹತ್ತಿರ, ಭಾರ ಏಳನೇ ಒಂದು. ವೇಗ ಸೆಕೆಂಡಿಗೆ 1,000 ಮೀಟರ್ ಆಸುಪಾಸು. ಅದನ್ನು ಸೇದಿ ಕೀರಲು ದನಿಯಲ್ಲಿ ಮಾತಾಡುವ ವಿಡಿಯೋ ನೋಡಿ ನಕ್ಕರೆ ಸಾಕು. ನೀವು ಸೇದಬೇಡಿ, ಉಸಿರುಕಟ್ಟಿ ಜನ ಸತ್ತಿದ್ದಾರೆ.

ಹಂತ 2: ಪೈಪು, ಬಕೆಟ್ಟು (ಫೋನು ಒಂದೇ ಇದ್ದವರಿಗೆ)

ಒಂದೂವರೆ ಇಂಚಿನ ಪಿವಿಸಿ ಪೈಪು ಅರ್ಧ ಮೀಟರ್ ತನ್ನಿ. ಬಕೆಟ್ಟಿಗೆ ನೀರು ತುಂಬಿ ಪೈಪನ್ನು ನೇರ ಅದ್ದಿ. ಆಪ್‌ನ 'ಟೋನ್ ಜನರೇಟರ್'ನಲ್ಲಿ 1,000 ಹರ್ಟ್ಸ್ (ಅಂದರೆ ಸೆಕೆಂಡಿಗೆ 1,000 ಕಂಪನ) ಇಟ್ಟು, ಫೋನಿನ ಸ್ಪೀಕರನ್ನು ಪೈಪಿನ ಬಾಯಿಗೆ ಹಿಡಿದು, ಪೈಪನ್ನು ನಿಧಾನಕ್ಕೆ ಮೇಲೆತ್ತುತ್ತಾ ಹೋಗಿ. ಒಂದು ಕಡೆ ಸದ್ದು ಇದ್ದಕ್ಕಿದ್ದ ಹಾಗೆ ಉಬ್ಬುತ್ತದೆ. ನೀರಿನ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಹಾಕಿ. ಇನ್ನೂ ಎತ್ತಿ, ಇನ್ನೊಂದು ಕಡೆ ಉಬ್ಬುತ್ತದೆ. ಅಲ್ಲೂ ಗೆರೆ. ಎರಡು ಗೆರೆಗಳ ನಡುವಿನ ದೂರ 17.4 ಸೆಂ.ಮೀ. ಹತ್ತಿರ ಬರಬೇಕು. ಅದು ಸದ್ದಿನ ಒಂದು ಅಲೆಯ ಅರ್ಧ ಉದ್ದ. ಅದನ್ನು ಎರಡರಿಂದ, ಆಮೇಲೆ 1,000ದಿಂದ ಗುಣಿಸಿ: ಸೆಕೆಂಡಿಗೆ 348 ಮೀಟರ್. ಪೈಪಿನ ಬಾಯಿಯಿಂದ ಮೊದಲ ಗೆರೆಗೆ ಅಳೆದು ಲೆಕ್ಕ ಹಾಕಲು ಹೋಗಬೇಡಿ. ಸದ್ದಿನ ಅಲೆ ಬಾಯಿಯಿಂದ ಸ್ವಲ್ಪ ಆಚೆಗೂ ಚಾಚಿರುತ್ತದೆ, ಆ ತಪ್ಪು ನುಸುಳುತ್ತದೆ. ಎರಡು ಗೆರೆಗಳ ವ್ಯತ್ಯಾಸದಲ್ಲಿ ಅದು ತಾನಾಗೇ ಕಳೆದುಹೋಗುತ್ತದೆ.

ಹಂತ 3: ಕಂಬಿಗಳನ್ನು ಹಾಡಿಸುವುದು

ಇದೇ ಅಸಲಿ ಆಟ. ಮನೆ ಕಟ್ಟುವ ಜಾಗದಲ್ಲಿ ಕೇಳಿದರೆ 12 ಎಂಎಂ ಟಿಎಂಟಿ ಕಂಬಿಯ ತುಂಡು ಸಿಗುತ್ತದೆ. ಒಂದು ಮೀಟರಿಗೆ ಕತ್ತರಿಸಿಕೊಂಡು ಬನ್ನಿ. ಎರಡೂ ತುದಿಗಳನ್ನು ಅರದಿಂದ ಉಜ್ಜಿ ಚಪ್ಪಟೆ ಮಾಡಿ, ಚೂಪು ಇದ್ದರೆ ಕೈಗೂ ಒಳ್ಳೆಯದಲ್ಲ, ಏಟೂ ನೇರ ಬೀಳುವುದಿಲ್ಲ.

ಟೇಪಿನಲ್ಲಿ ಸರಿಯಾಗಿ 50 ಸೆಂ.ಮೀ.ಗೆ ಗುರುತು ಹಾಕಿ. ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಅಲ್ಲಿ ಮಾತ್ರ ಹಿಡಿಯಿರಿ, ಮುಷ್ಟಿಯಲ್ಲಿ ಅಲ್ಲ. ಫೋನಿನಲ್ಲಿ 'ಆಡಿಯೋ ಸ್ಪೆಕ್ಟ್ರಮ್' (ಸದ್ದಿನಲ್ಲಿ ಯಾವ ಸ್ವರ ಎಷ್ಟು ಜೋರಾಗಿದೆ ಅಂತ ತೋರಿಸುವ ನಕ್ಷೆ) ತೆರೆದು, ಸ್ಯಾಂಪಲ್ ಸಂಖ್ಯೆಯನ್ನು ಆದಷ್ಟು ಜಾಸ್ತಿ ಇಟ್ಟು (2,048 ಇಟ್ಟರೆ ನಕ್ಷೆಯ ಒಂದೊಂದು ಹೆಜ್ಜೆ ಸುಮಾರು 23 ಹರ್ಟ್ಸಿನದ್ದಾಗುತ್ತದೆ, ಅದು ತೀರಾ ದೊರಗು), ಕಂಬಿಯ ಒಂದು ತುದಿಯ ಎದುರು ನಾಲ್ಕು ಬೆರಳಷ್ಟು ದೂರ ಇಡಿ. ಇನ್ನೊಂದು ತುದಿಗೆ ಸುತ್ತಿಗೆಯಿಂದ, ಕಂಬಿಯ ಉದ್ದಕ್ಕೆ ನೇರವಾಗಿ, ಹಗುರ ಏಟು. ಮೊಳೆ ಹೊಡೆಯುವ ಹಾಗೆ, ಗಂಟೆ ಬಾರಿಸುವ ಹಾಗಲ್ಲ.

ಏಟು ಓರೆಯಾದರೆ ಕಂಬಿ ಬಿಲ್ಲಿನ ಹಾಗೆ ಬಾಗಿ ಬಾಗಿ ಢಣಢಣ ಅನ್ನುತ್ತದೆ, ಪರದೆಯ ಮೇಲೆ ಹತ್ತಾರು ಶಿಖರ ಏಳುತ್ತವೆ. ಅದು ಬೇಡ. ನೇರ ಬಿದ್ದರೆ ಢಣಢಣ ಬೇಗ ಸತ್ತು, ಅದರ ಹಿಂದಿನಿಂದ ತೆಳ್ಳನೆಯ, ಎತ್ತರದ 'ಟೀಂ' ಒಂದು ಉಳಿಯುತ್ತದೆ, ಸೆಕೆಂಡುಗಟ್ಟಲೆ. ಅದೇ ನಮಗೆ ಬೇಕಾದ್ದು. ಪರದೆಯಲ್ಲಿ 2,500 ಹರ್ಟ್ಸಿನ ಆಸುಪಾಸು ಒಂಟಿ ಸೂಜಿಯ ಹಾಗೆ ನಿಂತಿರುತ್ತದೆ. ಮೂರು ಪಟ್ಟು ಎತ್ತರದಲ್ಲಿ, 7,500ರ ಹತ್ತಿರ, ಅದರ ತಮ್ಮ ಒಬ್ಬ ಕಾಣಬಹುದು. 5,000ದಲ್ಲಿ ಏನೂ ಕಾಣುವುದಿಲ್ಲ, ಯಾಕಂದರೆ ಆ ಸ್ವರಕ್ಕೆ ಕಂಬಿಯ ನಡುಭಾಗವೇ ಅಲ್ಲಾಡಬೇಕು, ಅಲ್ಲಿ ನಿಮ್ಮ ಬೆರಳಿದೆ.

ಲೆಕ್ಕ: ತಳ್ಳು ಒಂದು ತುದಿಯಿಂದ ಹೋಗಿ ವಾಪಸ್ ಬಂದರೆ ಒಂದು ಸುತ್ತು, ಅಂದರೆ ಉದ್ದದ ಎರಡರಷ್ಟು. ಸೆಕೆಂಡಿಗೆ ಅಂಥ 2,520 ಸುತ್ತು ಅಂದರೆ 2 × 1 × 2,520 = 5,040 ಮೀಟರ್. ಇಷ್ಟೇ. ಕಂಬಿಯನ್ನು ಅರ್ಧಕ್ಕೆ ಕತ್ತರಿಸಿ ಮತ್ತೆ ನೋಡಿ, ಸ್ವರ ಎರಡು ಪಟ್ಟು ಏರುತ್ತದೆ, ವೇಗ ಅದೇ ಬರುತ್ತದೆ. 8 ಎಂಎಂ, 16 ಎಂಎಂ ಕಂಬಿಯಲ್ಲೂ ಅದೇ. ಕಂಬಿ ಉದ್ದಕ್ಕೆ ಹೋಲಿಸಿದರೆ ಇಷ್ಟು ತೆಳ್ಳಗಿರುವವರೆಗೆ ದಪ್ಪಕ್ಕೂ ವೇಗಕ್ಕೂ ಸಂಬಂಧ ಇಲ್ಲ.

ಈಗ ಅಲ್ಯೂಮಿನಿಯಂ. ಪೊಳ್ಳು ಪೈಪಾದರೂ ನಡೆಯುತ್ತದೆ. ಒಂದು ಮೀಟರಿನದ್ದು ಮತ್ತೆ 2,500ರ ಹತ್ತಿರವೇ ಹಾಡುತ್ತದೆ. ಕಬ್ಬಿಣದ ಬಿಗಿ 200 ಗಿಗಾಪಾಸ್ಕಲ್ (ಬಿಗಿ ಅಳೆಯುವ ಮಾನ), ಸಾಂದ್ರತೆ ಘನ ಮೀಟರಿಗೆ 7,850 ಕೆ.ಜಿ. ಅಲ್ಯೂಮಿನಿಯಂ 70, ಮತ್ತು 2,700. ಭಾರದಲ್ಲಿ ಎಷ್ಟು ಪಟ್ಟು ಹಿಂದೋ ಬಿಗಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಪಟ್ಟು ಹಿಂದೆ. ಭಾಗಿಸಿದರೆ ಒಂದೇ. ತಾಮ್ರ ಇಳಿಯುತ್ತದೆ, ಸುಮಾರು 3,700. ಹಿತ್ತಾಳೆ ಇನ್ನೂ ಇಳಿದು 3,450 ಆಸುಪಾಸು, ಅಂದರೆ ಒಂದು ಮೀಟರಿನ ಹಿತ್ತಾಳೆ ಕಂಬಿ 1,700 ಚಿಲ್ಲರೆ ಹರ್ಟ್ಸಿನಲ್ಲಿ ಹಾಡುತ್ತದೆ. ಎರಡೂ ಕಬ್ಬಿಣಕ್ಕಿಂತ ಭಾರ, ಎರಡೂ ನಿಧಾನ. ಸೀಸವಂತೂ ಕಬ್ಬಿಣಕ್ಕಿಂತ ಒಂದೂವರೆ ಪಟ್ಟು ಸಾಂದ್ರ, ಆದರೆ ಅದರ ಕಂಬಿಯಲ್ಲಿ ಸದ್ದಿನ ವೇಗ 1,200 ಮಾತ್ರ, ನೀರಿಗಿಂತಲೂ ಕಮ್ಮಿ. ಸಾಂದ್ರತೆಯ ಕತೆ ಇಲ್ಲಿಗೆ ಮುಗಿಯಿತು. ಸೀಸವನ್ನು ಮನೆಯಲ್ಲಿ ಬಾರಿಸಲು ಹೋಗಬೇಡಿ, ಅದು ಹಾಡುವುದೂ ಇಲ್ಲ, 'ದಬ್' ಅನ್ನುತ್ತದೆ, ಮೇಲಾಗಿ ವಿಷ.

ಬೆರಳಿಗೆ ರಾಳದ ಪುಡಿ ಹಚ್ಚಿ, ಅಲ್ಯೂಮಿನಿಯಂ ಕಂಬಿಯನ್ನು ನಡುವಿನಿಂದ ತುದಿಗೆ ಒತ್ತಿ ಎಳೆದರೂ ಅದೇ ಸ್ವರ ಬರುತ್ತದೆ, ಆದರೆ ಕಿವಿ ಕಿತ್ತುಹೋಗುವಷ್ಟು ಜೋರಾಗಿ. ನಮ್ಮ ಬೀದಿಯ ನಾಯಿ ಅವತ್ತಿನಿಂದ ನಮ್ಮ ಗೇಟಿನ ಹತ್ತಿರ ಬರುವುದನ್ನು ಬಿಟ್ಟಿದೆ.

ಪುಸ್ತಕದಲ್ಲಿ 5,950 ಅಂತಿದೆಯಲ್ಲ?

ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದ ಪಟ್ಟಿಯಲ್ಲಿ ಕಬ್ಬಿಣಕ್ಕೆ 5,950, ಅಲ್ಯೂಮಿನಿಯಂಗೆ 6,420, ಹಿತ್ತಾಳೆಗೆ 4,700 ಅಂತ ಇದೆ. ನೀವು ಅಳೆದದ್ದು ಎಲ್ಲಾ ಕಮ್ಮಿ. ಗಾಬರಿ ಬೇಡ, ನಿಮ್ಮದೂ ಸರಿ, ಪುಸ್ತಕದ್ದೂ ಸರಿ.

ಒಂದು ರಬ್ಬರನ್ನು ಉದ್ದಕ್ಕೆ ಒತ್ತಿ ನೋಡಿ. ಪಕ್ಕಕ್ಕೆ ಉಬ್ಬುತ್ತದೆ ಅಲ್ವಾ? ತೆಳ್ಳನೆಯ ಕಂಬಿಯೂ ಹಾಗೇ, ಕಣ್ಣಿಗೆ ಕಾಣದಷ್ಟು ಪಕ್ಕಕ್ಕೆ ಉಬ್ಬಿ ಒತ್ತಡದಿಂದ ಸ್ವಲ್ಪ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಅದರ ಬಿಗಿ ಕಮ್ಮಿ. ದೊಡ್ಡ ಕಬ್ಬಿಣದ ಗಟ್ಟಿಯ ಒಳಗೆ ಸದ್ದು ಹೋಗುವಾಗ ಉಬ್ಬಲು ಜಾಗವೇ ಇಲ್ಲ, ಸುತ್ತಲೂ ಕಬ್ಬಿಣ ಒತ್ತಿ ಹಿಡಿದಿದೆ. ಅಲ್ಲಿ ಬಿಗಿ ಜಾಸ್ತಿ, ವೇಗವೂ ಜಾಸ್ತಿ. ಪುಸ್ತಕದ್ದು ಆ ಗಟ್ಟಿಯ ಅಂಕಿ. ಅದೇ ಕಬ್ಬಿಣ, ಅದೇ ಭಾರ, ಆಕಾರ ಬದಲಾಗಿದ್ದಕ್ಕೆ ಸೆಕೆಂಡಿಗೆ 900 ಮೀಟರ್ ವ್ಯತ್ಯಾಸ. ಇದನ್ನು ಪಟ್ಟಿಯ ಕೆಳಗೆ ಒಂದು ಸಾಲಿನಲ್ಲಿ ಹೇಳಿಬಿಟ್ಟಿದ್ದರೆ ಎಷ್ಟೋ ಜನರಿಗೆ ಉಪಕಾರವಾಗುತ್ತಿತ್ತು.

ಮರ, ಕಾಂಕ್ರೀಟು

ಗುದ್ದಲಿಯ ಕಾವನ್ನು ಬಿಚ್ಚಿ ಅದನ್ನೂ ಹೀಗೇ ಬಾರಿಸಬಹುದು. ಸದ್ದು ಬೇಗ ಸಾಯುತ್ತದೆ, ಆದರೆ ಸೂಜಿ ಕಾಣುತ್ತದೆ. ಮರದ ಎಳೆಯ ಉದ್ದಕ್ಕೆ 4,000ದ ಆಸುಪಾಸು ಬಂದರೆ ಆಶ್ಚರ್ಯ ಬೇಡ, ತಾಮ್ರಕ್ಕಿಂತ ಜಾಸ್ತಿ! ಎಳೆಗೆ ಅಡ್ಡಡ್ಡ ಅಳೆದರೆ ಅದರ ಮೂರನೇ ಒಂದಕ್ಕೆ ಇಳಿಯುತ್ತದೆ. ಒಂದೇ ಮರದಲ್ಲಿ ಎರಡು ವೇಗ.

ಕಾಂಕ್ರೀಟಿಗೆ ಎಂಜಿನಿಯರುಗಳು ಕಂಬದ ಒಂದು ಬದಿಯಿಂದ ಅಲ್ಟ್ರಾಸೌಂಡ್ ಕಳಿಸಿ ಇನ್ನೊಂದು ಬದಿಯಲ್ಲಿ ಹಿಡಿಯುತ್ತಾರೆ. 2018ರವರೆಗೆ ಜಾರಿಯಲ್ಲಿದ್ದ 1992ರ ಐಎಸ್ 13311 ಅನ್ನುವ ಭಾರತೀಯ ಸಂಹಿತೆಯ ಪ್ರಕಾರ ಸೆಕೆಂಡಿಗೆ 4.5 ಕಿ.ಮೀ.ಗಿಂತ ಜಾಸ್ತಿ ಬಂದರೆ ಅತ್ಯುತ್ತಮ, 3 ಕಿ.ಮೀ.ಗಿಂತ ಕಮ್ಮಿ ಬಂದರೆ ಅನುಮಾನ ಅಂತಿತ್ತು. ಒಳಗೆ ಬಿರುಕೋ ಪೊಳ್ಳೋ ಇದ್ದರೆ ಸದ್ದು ಸುತ್ತುಬಳಸಿ ಬರಬೇಕು, ತಡವಾಗುತ್ತದೆ.

ಹಂತ 4: ಒಂದೇ ಏಟು, ಎರಡು ಸದ್ದು

ಇದಕ್ಕೆ ಫೋನೂ ಬೇಡ. ಮೈದಾನದ ಸುತ್ತ, ಇಲ್ಲವೇ ಸೇತುವೆಯ ಪಕ್ಕ, 30 ಮೀಟರ್ ಆದರೂ ತುಂಡಾಗದೆ ವೆಲ್ಡ್ ಮಾಡಿರುವ ಕಬ್ಬಿಣದ ರೇಲಿಂಗ್ ಹುಡುಕಿ. ಒಂದು ತುದಿಯಲ್ಲಿ ನಿಮ್ಮ ಕಿವಿ ರೇಲಿಂಗಿಗೆ ಒತ್ತಿರಲಿ, ಇನ್ನೊಂದು ತುದಿಯಲ್ಲಿ ಗೆಳೆಯ ಕಲ್ಲಿನಿಂದ ಒಂದೇ ಒಂದು ಏಟು ಹಾಕಲಿ. ಕಬ್ಬಿಣದ ಸದ್ದು 6 ಮಿಲಿಸೆಕೆಂಡಿಗೆ ಬರುತ್ತದೆ, ಗಾಳಿಯದ್ದು 86ಕ್ಕೆ. 'ಟ-ಟಕ್' ಅಂತ ಬೇರೆ ಬೇರೆಯಾಗಿ ಕೇಳಿಸುತ್ತದೆ. 10 ಮೀಟರಿನಲ್ಲಿ ಮಾಡಿದರೆ ಎರಡೂ ಕಲಸಿಹೋಗುತ್ತವೆ. 1808ರಲ್ಲಿ ಪ್ಯಾರಿಸ್ಸಿನಲ್ಲಿ ಬಿಯೋ ಅನ್ನುವವರು ಮಾಡಿದ್ದೂ ಇದೇ, ಆದರೆ 951 ಮೀಟರ್ ಉದ್ದದ ಎರಕದ ಕಬ್ಬಿಣದ ನೀರಿನ ಕೊಳವೆಯಲ್ಲಿ. ಎರಡು ಸದ್ದುಗಳ ನಡುವೆ ಎರಡೂವರೆ ಸೆಕೆಂಡು ಅಂತರ ಬಂದಿತ್ತು. ರೈಲು ಹಳಿಗೆ ಮಾತ್ರ ಕಿವಿ ಇಡಬೇಡಿ. ಸಿನಿಮಾದವರು ಇಟ್ಟುಕೊಳ್ಳಲಿ.

ಹಂತ 5: ನೀರು

ನೀರು ಕಷ್ಟ. ವೇಗ ಸೆಕೆಂಡಿಗೆ ಸುಮಾರು 1,500 ಮೀಟರ್, ಫೋನನ್ನು ಮುಳುಗಿಸುವಂತಿಲ್ಲ, ದೊಡ್ಡ ದೂರ ಬೇಕು. 1826ರಲ್ಲಿ ಕೊಲಾಡನ್ ಮತ್ತು ಸ್ಟರ್ಮ್ ಜಿನೀವಾ ಸರೋವರವನ್ನೇ ಬಳಸಿದರು. ಒಂದು ದೋಣಿಯಲ್ಲಿ ನೀರೊಳಗೆ ಗಂಟೆ ಬಾರಿಸಿದಾಗಲೇ ಮೇಲೆ ಮದ್ದಿನ ಪುಡಿ ಭುಗ್ ಅನ್ನುವ ಏರ್ಪಾಡು. 13 ಕಿ.ಮೀ.ಗೂ ಆಚೆ ಇನ್ನೊಂದು ದೋಣಿಯಲ್ಲಿ ನೀರಿಗೆ ಕೊಳವೆ ಇಳಿಬಿಟ್ಟು ಕಿವಿಗೊಟ್ಟು ಕೂತವರು. 8 ಡಿಗ್ರಿಯ ನೀರಲ್ಲಿ 1,435 ಬಂತು. ಇವತ್ತು ಮಲ್ಪೆಯ ಬೋಟಿನಲ್ಲಿರುವ ಫಿಶ್ ಫೈಂಡರ್ ಇದನ್ನೇ ಉಲ್ಟಾ ಮಾಡುತ್ತದೆ, ವೇಗ ಗೊತ್ತು ಅಂತಿಟ್ಟುಕೊಂಡು ಆಳ ಹೇಳುತ್ತದೆ. ಸದ್ದು ತಳಕ್ಕೆ ಹೋಗಿ ಬರಲು 40 ಮಿಲಿಸೆಕೆಂಡ್ ಹಿಡಿದರೆ 30 ಮೀಟರ್ ಆಳ.

ಈಜು ಬರುವವರು ಆಳ ಇಲ್ಲದ ಕಡೆ ಒಂದು ಆಟ ಆಡಬಹುದು. ಒಬ್ಬರು ಕಣ್ಣು ಮುಚ್ಚಿ ತಲೆ ಮುಳುಗಿಸಲಿ, ಇನ್ನೊಬ್ಬರು ಸ್ವಲ್ಪ ದೂರದಲ್ಲಿ ನೀರೊಳಗೆ ಎರಡು ಕಲ್ಲು ಕುಟ್ಟಲಿ. ಸದ್ದು ತಲೆಯ ಒಳಗೇ ಆದ ಹಾಗೆ ಕೇಳುತ್ತದೆ, ದಿಕ್ಕು ಗೊತ್ತಾಗುವುದಿಲ್ಲ. ಎರಡು ಕಿವಿಗೆ ಸದ್ದು ತಲುಪುವ ಹೊತ್ತಿನ ವ್ಯತ್ಯಾಸದಿಂದ ಮಿದುಳು ದಿಕ್ಕು ಊಹಿಸುತ್ತದೆ, ನೀರಲ್ಲಿ ಆ ವ್ಯತ್ಯಾಸ ಕಾಲುಭಾಗಕ್ಕೆ ಇಳಿದಿರುತ್ತದೆ.

ಅಡುಗೆಮನೆಯಲ್ಲೇ ಆಗುವ ಪ್ರಯೋಗ ಬೇಕು ಅಂದರೆ ಒಂದಿದೆ. ಫಿಲ್ಟರ್ ಕಾಫಿ ಭಕ್ತರು ಕ್ಷಮಿಸಬೇಕು, ಇದಕ್ಕೆ ಇನ್‌ಸ್ಟಂಟ್ ಪುಡಿಯೇ ಆಗಬೇಕು. ಪಿಂಗಾಣಿ ಮಗ್ಗಿಗೆ ಬಿಸಿನೀರು ಹಾಕಿ, ಒಂದು ಚಮಚ ಪುಡಿ ಸುರಿದು, ಜೋರಾಗಿ ಕದಡಿ, ತಕ್ಷಣ ಚಮಚದಿಂದ ಮಗ್ಗಿನ ತಳಕ್ಕೆ ಒಳಗಿನಿಂದ ಟಕಟಕ ಬಡಿಯುತ್ತಾ ಇರಿ. ಮೊದಲು ಮಂದ, ದಪ್ಪ ದನಿ. ಬಡಿಯುತ್ತಾ ಹೋದ ಹಾಗೆ ಶ್ರುತಿ ಏರುತ್ತಾ ಏರುತ್ತಾ ಹೋಗುತ್ತದೆ, ಯಾರೋ ಸರಿಗಮ ಹಾಡಿದ ಹಾಗೆ. ಪುಡಿ ಬಿದ್ದಾಗ ನೀರಲ್ಲಿ ಸಾವಿರಾರು ಸಣ್ಣ ಗುಳ್ಳೆ ಎದ್ದಿರುತ್ತವೆ. ಆಗ ಮಗ್ಗಿನಲ್ಲಿರುವುದು ನೀರಿನ ಭಾರ, ಆದರೆ ಗುಳ್ಳೆಗಳಿಂದಾಗಿ ಗಾಳಿಯ ಮೆತ್ತಗಿನ ಗುಣ. ಎರಡರಲ್ಲೂ ಕೆಟ್ಟದ್ದೇ ಸೇರಿದ ಹಾಗೆ, ಸದ್ದಿನ ವೇಗ ಶುದ್ಧ ಗಾಳಿಗಿಂತಲೂ ಕೆಳಗೆ ಇಳಿಯಬಲ್ಲದು. ಗುಳ್ಳೆ ಮೇಲೆದ್ದು ಒಡೆದ ಹಾಗೆ ನೀರು ಮತ್ತೆ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಇನ್ನೊಮ್ಮೆ ಕದಡಿದರೆ ಮತ್ತೆ ಇಳಿಯುತ್ತದೆ, ಆದರೆ ಈ ಸಲ ಅಷ್ಟು ಕೆಳಕ್ಕೆ ಹೋಗುವುದಿಲ್ಲ. ನೀರಲ್ಲಿ ಕರಗಿದ್ದ ಗಾಳಿ ಅಷ್ಟರಲ್ಲಿ ಖಾಲಿಯಾಗುತ್ತಾ ಬಂದಿರುತ್ತದೆ.